ಹೊಟ್ಟೆಯೊಳಗಿನ ಮಗುವಿನ ವಿಷಯ ಕನ್ನಡದಲ್ಲೇ ಹೇಳಿದ ಡಾಕ್ಟ್ರಮ್ಮ: ಅನುಪಮಾ ನಿರಂಜನ

ಸೀಮಂತಕ್ಕೆ ಹಸಿರು ಬಳೆ, ಹೊಸ ಸೀರೆ, ಮಲ್ಲಿಗೆ, ಬಯಕೆಯ ತಿಂಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಯ ಅಂಗಡಿಯವರಿಗೆ ಈ ವ್ಯಾಪಾರ ಹೊಸತಲ್ಲ. ಊರಿಗೆಲ್ಲ ಗೊತ್ತಾಗುವ ಹಾಗೆ ನಡೆಯುವ ಸಂಭ್ರಮ ಇದು. ಆದರೆ ಆ ಹೊಟ್ಟೆಯೊಳಗೆ ಮಗು ಹೇಗೆ ಬೆಳೆಯುತ್ತದೆ ಅಂತ ಮಾತ್ರ ಹಿಂದೆಲ್ಲ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹುಡುಗಿ ಕೇಳಿದರೆ ನಾಚಿಕೆಗೇಡು, ಕೇಳದಿದ್ದರೆ ಅವಳ ಜೀವಕ್ಕೇ ಅಪಾಯ. ಈ ಮೌನವನ್ನು ಕನ್ನಡದಲ್ಲಿ ಮುರಿದವರಲ್ಲಿ ಮುಖ್ಯರು ಡಾ. ಅನುಪಮಾ ನಿರಂಜನ.

ಮೂಡುಬಿದಿರೆಯಿಂದ ಕಾರ್ಕಳ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿದರೆ ಸಿಗುವ ತೀರ್ಥಹಳ್ಳಿ ಅವರ ಹುಟ್ಟೂರು. ಹುಟ್ಟಿದ್ದು 1934ರ ಮೇ 17ರಂದು. ಮನೆಯಲ್ಲಿಟ್ಟ ಹೆಸರು ವೆಂಕಟಲಕ್ಷ್ಮಿ; ಅನುಪಮಾ ಎಂಬುದು ಬರವಣಿಗೆಗೆ ಇಟ್ಟುಕೊಂಡ ಹೆಸರು. ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸುವುದೇ ದೊಡ್ಡದಾಗಿದ್ದ ಕಾಲದಲ್ಲಿ ಅವರು ಮೈಸೂರಿನಲ್ಲಿ ಓದಿ ಎಂ.ಬಿ.ಬಿ.ಎಸ್. ಮಾಡಿದರು.

ನಮ್ಮ ಜಿಲ್ಲೆಗೆ ಅವರು ಸೊಸೆ. 1956ರಲ್ಲಿ ಕೈ ಹಿಡಿದದ್ದು ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಲ್ಲಿ ಹುಟ್ಟಿದ ಶಿವರಾಯರನ್ನು, ಅಂದರೆ ಕಾದಂಬರಿಕಾರ ನಿರಂಜನರನ್ನು. ಗಂಡ ಪೂರ್ತಿ ಸಮಯದ ಬರಹಗಾರ. ಹೆಂಡತಿ ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. 70ರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಗಂಡನ ಆರೈಕೆ, ಇಬ್ಬರು ಹೆಣ್ಣುಮಕ್ಕಳು, ರೋಗಿಗಳು, ಬರವಣಿಗೆ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರು.

ಕಾದಂಬರಿ, ಸಣ್ಣಕಥೆ ಬರೆಯುತ್ತಲೇ ಅವರು ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ತಾಯಿ ಮಗು, ದಾಂಪತ್ಯ ದೀಪಿಕೆ, ಕೇಳು ಕಿಶೋರಿ ಮುಂತಾದ ಪುಸ್ತಕಗಳು ಬಂದವು. ಋತುಸ್ರಾವ, ಗಂಡ-ಹೆಂಡಿರ ದೇಹಸಂಬಂಧ, ಬಸಿರು, ಹೆರಿಗೆ, ಬಾಣಂತನ ಇಂಥ ವಿಷಯಗಳನ್ನು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆದರು. ಡಾಕ್ಟರರ ಹತ್ತಿರವೂ ಬಾಯಿ ಬಿಡಲಾಗದ ಪ್ರಶ್ನೆಗೆ ಮನೆಯಲ್ಲೇ ಕೂತು ಉತ್ತರ ಓದುವ ಹಾಗಾಯಿತು. ಈ ಪುಸ್ತಕಗಳು ಮತ್ತೆ ಮತ್ತೆ ಮುದ್ರಣ ಕಂಡವು.

ಅವರು ಎತ್ತಿಕೊಂಡ ವಿಷಯ ಎಷ್ಟು ದೊಡ್ಡದು ಅಂತ ಸ್ವಲ್ಪ ನೋಡಿದರೆ ಗೊತ್ತಾಗುತ್ತದೆ. ಹೆಣ್ಣಿನ ಅಂಡಾಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಅದು ಹೊರಬಿದ್ದ ಮೇಲೆ ಬದುಕುವುದು ಸುಮಾರು ಒಂದು ದಿನ. ಗಂಡಿನ ವೀರ್ಯಾಣು 5 ದಿನದವರೆಗೂ ಇರಬಲ್ಲದು. ಎರಡೂ ಕೂಡುವುದು ಗರ್ಭಕೋಶದಲ್ಲಿ ಅಲ್ಲ, ಅದರ ಪಕ್ಕದ ನಾಳದಲ್ಲಿ. ಅಲ್ಲಿಂದ ಇಳಿದು ಬಂದು ಸುಮಾರು ಒಂದು ವಾರದ ಹೊತ್ತಿಗೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ನಾಲ್ಕನೇ ವಾರದಲ್ಲಿ ಪುಟ್ಟ ಹೃದಯ ಮಿಡಿಯಲು ಶುರು ಮಾಡುತ್ತದೆ. ಎಂಟು ವಾರದೊಳಗೆ ಮುಖ್ಯ ಅಂಗಗಳೆಲ್ಲ ಮೊಳೆತಿರುತ್ತವೆ. ಆಗ ಅದರ ಉದ್ದ ಸುಮಾರು ಮೂರು ಸೆಂಟಿಮೀಟರ್ ಮಾತ್ರ. ಎಷ್ಟೋ ಸಲ ಬಸಿರಾದ ಸುದ್ದಿ ಮನೆಯವರಿಗೂ ಮುಟ್ಟಿರುವುದಿಲ್ಲ. ಮೊದಲ ಮೂರು ತಿಂಗಳು ಕಂಡಕಂಡ ಮಾತ್ರೆ ನುಂಗಬಾರದು ಅನ್ನುವುದು ಇದೇ ಕಾರಣಕ್ಕೆ.

ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಅಂತ ತುಂಬಾ ಜನ ತಿಳಿದದ್ದುಂಟು. ಹಾಗಲ್ಲ. ಮಗುವಿನ ರಕ್ತ ಬೇರೆ, ತಾಯಿಯದು ಬೇರೆ. ನಡುವೆ ಮಾಸು ಇದೆ. ಅನ್ನಾಂಶ, ಆಮ್ಲಜನಕ ಮಾಸಿನ ಮೂಲಕ ದಾಟಿ ಹೊಕ್ಕುಳಬಳ್ಳಿಯಲ್ಲಿ ಮಗುವಿಗೆ ಹೋಗುತ್ತವೆ. ಮಗುವಿನ ಕಶ್ಮಲ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಆದರೆ ಹೊಗೆಸೊಪ್ಪಿನ ನಿಕೋಟಿನ್, ಮದ್ಯ ಕೂಡ ಇದೇ ದಾರಿ ಹಿಡಿಯುತ್ತವೆ. ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಂಗಸರು ತುಂಬಾ ಇರುವ ನಮ್ಮ ತಾಲೂಕುಗಳಲ್ಲಿ ಇದು ಬರೀ ಪುಸ್ತಕದ ಮಾತಲ್ಲ.

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಲೆಕ್ಕ. ಚೊಚ್ಚಲು ಬಸುರಿಗೆ ಮಗುವಿನ ಅಲುಗಾಟ ಗೊತ್ತಾಗುವುದು ಸಾಧಾರಣ 18ರಿಂದ 20ನೇ ವಾರಕ್ಕೆ. ಈ ಇಡೀ ಕಾಲದಲ್ಲಿ ತಾಯಿಗೆ ಕಬ್ಬಿಣಾಂಶ ಜಾಸ್ತಿ ಬೇಕು. ರಕ್ತಹೀನತೆ ಇದ್ದರೆ ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಮನೆ ಮುರಿದ ಅಜ್ಞಾನ ಇನ್ನೊಂದುಂಟು. ಹೆಣ್ಣು ಹುಟ್ಟಿದರೆ ಬೈಗುಳ ತಾಯಿಗೆ. ನಿಜ ಏನೆಂದರೆ, ಹೆಣ್ಣಿನ ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ಗಂಡಿನ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಹಾಗಂತ ಗಂಡಸನ್ನು ದೂರುವ ಹಾಗೂ ಇಲ್ಲ, ಅದು ಯಾರ ಕೈಯಲ್ಲೂ ಇಲ್ಲ. ಮಕ್ಕಳಾಗದಿದ್ದರೂ ಅಷ್ಟೇ: ಕಾರಣ ಹೆಂಡತಿಯಲ್ಲಿ ಇರಬಹುದು, ಗಂಡನಲ್ಲಿ ಇರಬಹುದು, ಇಬ್ಬರಲ್ಲೂ ಇರಬಹುದು. ಪರೀಕ್ಷೆ ಇಬ್ಬರಿಗೂ ಆಗಬೇಕು.

ಹೆಣ್ಣಿನ ಗರ್ಭದ ಮೇಲೆ ಯಾರ ಅಧಿಕಾರ ಎಂಬ ಪ್ರಶ್ನೆ ಅವರ ಕಾದಂಬರಿಗೂ ಬಂತು. ಮಹಾಭಾರತದ ಯಯಾತಿಯ ಮಗಳು ಮಾಧವಿ. ಗಾಲವನ ಗುರುದಕ್ಷಿಣೆಯ 800 ಕುದುರೆಗಳಿಗಾಗಿ ಅವಳನ್ನು ಒಬ್ಬ ರಾಜನಿಂದ ಇನ್ನೊಬ್ಬನಿಗೆ ಒಪ್ಪಿಸುತ್ತಾರೆ. ಪ್ರತಿ ಸಲವೂ ಒಂದು ಗಂಡುಮಗು ಹೆತ್ತು ಬಿಟ್ಟು ಬರಬೇಕು. ಈ ಹಳೇ ಕಥೆಯನ್ನೇ ಎತ್ತಿಕೊಂಡು ಅನುಪಮಾ ಮಾಧವಿ ಎಂಬ ಕಾದಂಬರಿ ಬರೆದರು.

ಹುಟ್ಟಿದ ಮಕ್ಕಳನ್ನೂ ಅವರು ಮರೆಯಲಿಲ್ಲ. ವರ್ಷದ 12 ತಿಂಗಳಿಗೆ 12 ಪುಸ್ತಕದಂತೆ ದಿನಕ್ಕೊಂದು ಕಥೆ ಮಾಲೆ ಬರೆದರು. ಅವರ ಋಣಮುಕ್ತಳು ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು.

ಕ್ಯಾನ್ಸರ್ ಬಗ್ಗೆಯೂ ಜನರಿಗಾಗಿ ಬರೆದ ಈ ಡಾಕ್ಟ್ರಮ್ಮನನ್ನು ಕೊನೆಗೆ ಅದೇ ಕಾಯಿಲೆ ಒಯ್ದಿತು. 1991ರ ಫೆಬ್ರವರಿ 15ರಂದು ತೀರಿಕೊಂಡಾಗ ಅವರಿಗೆ 56 ವರ್ಷ. ಮರುವರ್ಷ ನಿರಂಜನರೂ ಹೋದರು.

ಅವರು ಹೋದ ಮೇಲೆ, 1994ರಲ್ಲಿ, ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು ಅಪರಾಧ ಎನ್ನುವ ಕಾನೂನು ದೇಶಕ್ಕೆ ಬಂತು. ಸ್ಕ್ಯಾನಿಂಗ್ ಸೆಂಟರುಗಳ ಗೋಡೆಯ ಮೇಲೆ ಆ ಬೋರ್ಡ್ ಈಗಲೂ ಉಂಟು. ಕಾನೂನು ಕೇಳುವುದನ್ನು ನಿಲ್ಲಿಸಬಹುದು. ಕೇಳುವ ಮನಸ್ಸು ಬದಲಾಗಬೇಕಾದರೆ ಸೊಸೆಯ ಜೊತೆ ಅತ್ತೆಯೂ, ಹೆಂಡತಿಯ ಜೊತೆ ಗಂಡನೂ ಕೂತು ಅನುಪಮಾ ಅವರ ಪುಸ್ತಕಗಳನ್ನು ಒಮ್ಮೆ ಓದಿದರೆ ಒಳ್ಳೆಯದು.