ಟೀಕೆಯ ನಡುವೆಯೂ ಕೈಬಿಡದ ಸೇವೆ: ಮೊಲೊಕಾಯ್‌ನ ಸಂತ ಡೇಮಿಯನ್



ಒಳ್ಳೆಯ ಕೆಲಸಕ್ಕೆ ಕೈ ಹಾಕಿದವರಿಗೆ ಹೊರಗಿನವರ ವಿರೋಧಕ್ಕಿಂತ ತಮ್ಮವರ ಚುಚ್ಚುಮಾತೇ ಹೆಚ್ಚು ನೋವು ಕೊಡುತ್ತದೆ. ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ಗಾಯನವೃಂದವನ್ನು ನಡೆಸುವವರು, ಬಡವರ ಮನೆಬಾಗಿಲಿಗೆ ಅಕ್ಕಿಬೇಳೆ ಮುಟ್ಟಿಸುವವರು ಇದನ್ನು ಚೆನ್ನಾಗಿ ಬಲ್ಲರು. ಹೆಸರಿಗಾಗಿ ಮಾಡುತ್ತಿದ್ದಾರೆ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಎಷ್ಟೋ ಮಂದಿ ಮನನೊಂದು ಹಿಂದೆ ಸರಿಯುತ್ತಾರೆ. ನಿಮಗೂ ಹಾಗೆ ಅನ್ನಿಸಿದ್ದರೆ, ಸಂತ ಡೇಮಿಯನ್ನರ ಜೀವನದತ್ತ ಒಮ್ಮೆ ಕಣ್ಣು ಹಾಯಿಸಿ.

1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ, ರೈತ ಕುಟುಂಬವೊಂದರಲ್ಲಿ ಅವರು ಹುಟ್ಟಿದರು. ತಂದೆತಾಯಿ ಇಟ್ಟ ಹೆಸರು ಜೋಸೆಫ್. ಮಗ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಆದರೆ ಜೋಸೆಫ್ ಅಣ್ಣನ ಹಾದಿ ಹಿಡಿದು, 1859ರಲ್ಲಿ ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಡೇಮಿಯನ್ ಎಂಬ ಹೆಸರು ಪಡೆದರು. ದೂರದ ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣ ಜ್ವರದಿಂದ ಮಲಗಿದಾಗ, ತಮ್ಮನನ್ನು ಕಳುಹಿಸಿರೆಂದು ಪ್ಯಾರಿಸಿನಲ್ಲಿದ್ದ ಮಹಾಶ್ರೇಷ್ಠರಿಗೇ ನೇರವಾಗಿ ಪತ್ರ ಬರೆದರು. ಸ್ಥಳೀಯ ಮೇಲಧಿಕಾರಿಗಳನ್ನು ದಾಟಿ ಬರೆದ ಆ ಪತ್ರದಲ್ಲಿಯೇ ಅವರ ಉತ್ಸಾಹವೂ ಇತ್ತು, ಹಟವೂ ಇತ್ತು. ಇವೆರಡೂ ಕೊನೆಯವರೆಗೆ ಅವರೊಂದಿಗೆ ಉಳಿದವು.

1864ರ ಮೇ 21ರಂದು ಹೊನೊಲುಲುವಿನ ಪ್ರಧಾನಾಲಯದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಆ ಕಾಲದಲ್ಲಿ ದ್ವೀಪಗಳಲ್ಲಿ ಕುಷ್ಠರೋಗ ಹಬ್ಬುತ್ತಿತ್ತು. ರೋಗಿಗಳನ್ನು ಬೇರೆಯಾಗಿಡಲು ಸರಕಾರ 1865ರಲ್ಲಿ ಕಾನೂನು ತಂದು, ಮರುವರ್ಷದಿಂದ ಅವರನ್ನು ಮೊಲೊಕಾಯ್ ದ್ವೀಪಕ್ಕೆ ಸಾಗಿಸತೊಡಗಿತು. ಮೂರು ಕಡೆ ಸಮುದ್ರ, ಬೆನ್ನಿಗೆ ಸುಮಾರು 2000 ಅಡಿ ಎತ್ತರದ ಕಡಿದಾದ ಬೆಟ್ಟ. ಹೋದವರು ಹಿಂದಿರುಗುವಂತಿರಲಿಲ್ಲ. ಅಲ್ಲಿನ ಕಥೋಲಿಕ ರೋಗಿಗಳಿಗೆ ಸಂಸ್ಕಾರಗಳನ್ನು ನೀಡಲು ಗುರುಗಳಿರಲಿಲ್ಲ. ಧರ್ಮಾಧ್ಯಕ್ಷ ಮೈಗ್ರೆಯವರು ಈ ಸಂಕಟವನ್ನು ಗುರುಗಳ ಮುಂದಿಟ್ಟಾಗ, ಸರದಿಯಂತೆ ಹೋಗಿಬರಲು ನಾಲ್ವರು ಮುಂದೆ ಬಂದರು. ಮೊದಲ ಸರದಿ ಡೇಮಿಯನ್ನರದಾಯಿತು. 1873ರ ಮೇ 10ರಂದು ಧರ್ಮಾಧ್ಯಕ್ಷರ ಜೊತೆಯಲ್ಲಿಯೇ ಅವರು ಆ ದಡ ಮುಟ್ಟಿದರು. ಆಮೇಲೆ ಅಲ್ಲಿಯೇ ನೆಲೆಸಲು ಅನುಮತಿ ಬೇಡಿದರು.

ಮೊದಲ ರಾತ್ರಿಗಳನ್ನು ಮರದ ಕೆಳಗೆ ಕಳೆದರು. ಹುಣ್ಣುಗಳನ್ನು ತೊಳೆದು ಕಟ್ಟಿದರು, ಗುಡಿಸಲುಗಳ ಜಾಗದಲ್ಲಿ ಮನೆಗಳನ್ನೆಬ್ಬಿಸಿದರು, ಕಣಿವೆಯಿಂದ ಕೊಳವೆಯಲ್ಲಿ ನೀರು ತರಿಸಿದರು. ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ನೂರಾರು ಶವಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಮಾಡಿ, ಗೋರಿ ತೋಡಿ, ಪ್ರಾರ್ಥನೆ ಹೇಳಿ ಸತ್ತವರನ್ನು ಮಣ್ಣು ಮಾಡಿದರು. ರೋಗಿಗಳೊಡನೆ ಒಂದೇ ಪಾತ್ರೆಯಿಂದ ಉಂಡರು.

ಇಷ್ಟು ಮಾಡಿದವರಿಗೆ ಸಿಕ್ಕಿದ್ದೇನು? ಪತ್ರಿಕೆಗಳು ಹೊಗಳಿದವು, 1881ರಲ್ಲಿ ಹವಾಯಿಯ ರಾಜಮನೆತನ ಪದಕ ನೀಡಿತು. ಆದರೆ ಹೊಗಳಿಕೆಯ ಬೆನ್ನಿಗೇ ಅಸಮಾಧಾನವೂ ಬಂತು. ಮರ, ಬಟ್ಟೆ, ಆಹಾರಕ್ಕಾಗಿ ಪದೇ ಪದೇ ಕಾಡುತ್ತಿದ್ದ ಈ ಗುರು ಆರೋಗ್ಯ ಮಂಡಳಿಯ ಅಧಿಕಾರಿಗಳಿಗೆ ತಲೆನೋವಾದರು. ದ್ವೀಪ ಬಿಟ್ಟು ಹೊರಬರಬಾರದೆಂದು ಅವರು ಒಮ್ಮೆ ಅಪ್ಪಣೆ ಹೊರಡಿಸಿದರು. ಭೇಟಿಗೆ ಬಂದ ಸಭೆಯ ಶ್ರೇಷ್ಠರಿಗೆ ಹಡಗಿನಿಂದ ಇಳಿಯಲು ಬಿಡದಿದ್ದಾಗ, ಡೇಮಿಯನ್ನರು ದೋಣಿಯಲ್ಲಿ ಹಡಗಿನ ಬಳಿಗೆ ಹೋಗಿ, ಕೆಳಗಿನಿಂದಲೇ ಗಟ್ಟಿಯಾಗಿ ಪಾಪನಿವೇದನೆ ಮಾಡಿದರು. ನೆರವಿಗೆಂದು ಬಂದ ಗುರುಗಳ ಜೊತೆಗೂ ಹೊಂದಾಣಿಕೆ ಕಷ್ಟವಾಯಿತು. ಇಂಗ್ಲೆಂಡಿನ ಆಂಗ್ಲಿಕನ್ ಗುರುವೊಬ್ಬರು ರೋಗಿಗಳಿಗಾಗಿ ಹಣ ಕೂಡಿಸಿ ಕಳುಹಿಸಿದಾಗ, ಡೇಮಿಯನ್ನರು ಪ್ರಚಾರಕ್ಕೆ ಆಸೆಪಟ್ಟಿದ್ದಾರೆಂದು ಅವರ ಸ್ವಂತ ಮೇಲಧಿಕಾರಿಗಳೇ ಶಂಕಿಸಿದರು.

1884ರ ಡಿಸೆಂಬರಿನಲ್ಲಿ ಕುದಿಯುವ ನೀರು ತಗಲಿ ಕಾಲು ಬೆಂದರೂ ಅವರಿಗೆ ನೋವೇ ತಿಳಿಯಲಿಲ್ಲ. ರೋಗ ಅವರಿಗೂ ಅಂಟಿತ್ತು. ಅಶುದ್ಧ ಜೀವನ ನಡೆಸಿದವರಿಗೇ ಈ ರೋಗ ಬರುತ್ತದೆಂದು ಅಂದು ಅನೇಕರು ನಂಬಿದ್ದರಿಂದ, ಅವರ ಶೀಲವನ್ನೂ ಜನ ಅನುಮಾನಿಸಿದರು. ಈ ರೋಗ ಒಂದು ಬಗೆಯ ಸೂಕ್ಷ್ಮಜೀವಿಯಿಂದ ಬರುತ್ತದೆ ಎಂಬುದು ಇಂದು ನಮಗೆ ಗೊತ್ತು. ನಾರ್ವೆಯ ವೈದ್ಯ ಹ್ಯಾನ್ಸೆನ್ ಅದನ್ನು ಕಂಡದ್ದು 1873ರಲ್ಲಿ, ಡೇಮಿಯನ್ನರು ಮೊಲೊಕಾಯ್‌ಗೆ ಕಾಲಿಟ್ಟ ವರ್ಷದಲ್ಲಿಯೇ. ಇಂದು ಔಷಧದಿಂದ ಅದು ಪೂರ್ತಿ ಗುಣವಾಗುತ್ತದೆ. ಅಂದು ಅವರಿಗೆ ಔಷಧವೂ ಇರಲಿಲ್ಲ, ಅನುಮಾನದಿಂದ ಬಿಡುಗಡೆಯೂ ಇರಲಿಲ್ಲ.

ಅವರಿಗೆ ನೋವಾಗಲಿಲ್ಲವೆಂದು ತಿಳಿಯಬೇಡಿ. ಬಹಳವೇ ನೋವಾಯಿತು, ಅದನ್ನು ಪತ್ರಗಳಲ್ಲಿ ತೋಡಿಕೊಂಡರು. ಆದರೆ ಮರುದಿನ ಬೆಳಗ್ಗೆ ಬಲಿಪೂಜೆ ಅರ್ಪಿಸಿ ಮತ್ತೆ ಕೆಲಸಕ್ಕೆ ಹೋದರು. ಪರಮಪ್ರಸಾದದ ಸನ್ನಿಧಿ ಇಲ್ಲದಿದ್ದರೆ ತಮ್ಮಿಂದ ಅಲ್ಲಿ ಇರಲಾಗುತ್ತಿರಲಿಲ್ಲ ಎಂಬುದು ಅವರ ಅನುಭವವಾಗಿತ್ತು. ಕೊನೆಗೆ ಸಹಾಯವೂ ಬಂತು. 1886ರಲ್ಲಿ ಜೋಸೆಫ್ ಡಟ್ಟನ್ ಎಂಬ ಅಮೆರಿಕನ್ ಸೇವಕರು, 1888ರ ನವೆಂಬರಿನಲ್ಲಿ ಮದರ್ ಮರಿಯಾನ್ ಕೋಪ್ ಮತ್ತು ಅವರ ಸಂಗಡದ ಕನ್ಯಾಸ್ತ್ರೀಯರು ಬಂದು ಸೇರಿದರು. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, 49ನೆಯ ವಯಸ್ಸಿನಲ್ಲಿ ಡೇಮಿಯನ್ನರು ಪ್ರಭುವಿನಲ್ಲಿ ನಿದ್ರಿಸಿದರು.

ಸಾವೂ ಟೀಕೆಯ ಬಾಯಿ ಮುಚ್ಚಿಸಲಿಲ್ಲ. ಅದೇ ವರ್ಷ ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿ ಹೈಡ್ ಅವರು ಬರೆದ ಪತ್ರವೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಡೇಮಿಯನ್ನರು ಒರಟ, ಕೊಳಕ, ಹಟಮಾರಿ, ಶೀಲಗೆಟ್ಟವರು ಎಂಬುದು ಅದರ ಸಾರಾಂಶ. ಸತ್ತವರು ಉತ್ತರ ಕೊಡಲಾರರು. ಉತ್ತರ ಕೊಟ್ಟವರು ಇನ್ನೊಬ್ಬ ಪ್ರೊಟೆಸ್ಟೆಂಟರೇ, ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಡೇಮಿಯನ್ನರು ತೀರಿಕೊಂಡ ಕೆಲವೇ ವಾರಗಳಲ್ಲಿ ಅವರು ಮೊಲೊಕಾಯ್‌ಗೆ ಹೋಗಿ, ಅಲ್ಲಿನವರೊಡನೆ ಇದ್ದು, ಎಲ್ಲವನ್ನೂ ಕೇಳಿ ತಿಳಿದಿದ್ದರು. 1890ರಲ್ಲಿ ಪ್ರಕಟಿಸಿದ ಬಹಿರಂಗ ಪತ್ರದಲ್ಲಿ ಅವರು ಡೇಮಿಯನ್ನರ ಒರಟುತನವನ್ನಾಗಲಿ ಹಟವನ್ನಾಗಲಿ ಮುಚ್ಚಿಡಲಿಲ್ಲ. ಆ ಕುಂದುಗಳಿದ್ದ ಮನುಷ್ಯನೇ, ಬೇರೆಯವರು ಹೋಗಲು ಅಂಜಿದ ಕಡೆಗೆ ಹೋಗಿ ಪ್ರಾಣ ಕೊಟ್ಟನೆಂದು ತೋರಿಸಿದರು.

ಪ್ರಿಯರೇ, ನಮಗಿರುವ ಸಮಾಧಾನ ಇದೇ. ಡೇಮಿಯನ್ನರ ಮೇಲಿನ ಟೀಕೆಗಳಲ್ಲಿ ಕೆಲವು ಹಸಿ ಸುಳ್ಳು, ಕೆಲವು ನಿಜ. ನಿಜವಾದವು ಅವರನ್ನು ತಗ್ಗಿಸಿದವು, ಸುಳ್ಳಾದವು ಅವರನ್ನು ನೋಯಿಸಿದವು. ಎರಡರಲ್ಲಿ ಯಾವುದೂ ಅವರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ನಮ್ಮಲ್ಲಿ ಕುಂದಿದ್ದರೆ ತಿದ್ದಿಕೊಳ್ಳೋಣ. ಕುಂದಿದೆಯೆಂದು ಸೇವೆಯನ್ನೇ ಬಿಟ್ಟರೆ, ನಷ್ಟವಾಗುವುದು ನಮ್ಮನ್ನು ಕಾಯುತ್ತಿರುವ ಬಡವರಿಗೆ. ಇನ್ನೊಬ್ಬರ ಸೇವೆಯ ಬಗ್ಗೆ ನಾಲಿಗೆ ಹರಿಬಿಡುವ ಮುನ್ನ, ಒಮ್ಮೆ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬರುವುದೂ ನಮ್ಮ ಕರ್ತವ್ಯ.

1995ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಡೇಮಿಯನ್ನರನ್ನು ಪುನೀತರೆಂದು ಸಾರಿದರು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು ಸಂತ ಪದವಿಗೇರಿಸಿದರು. ಅವರ ಹಬ್ಬ ಮೇ 10, ಅಂದರೆ ಅವರು ಆ ದಡದಲ್ಲಿ ಇಳಿದ ದಿನ. ಮುಂದಿನ ಬಾರಿ ಆ ದಿನ ಬಂದಾಗ, ಯಾರದೋ ಮಾತಿಗೆ ನೊಂದು ನೀವು ಬಿಟ್ಟುಬಂದ ಕೆಲಸವೊಂದನ್ನು ಪ್ರಭುವಿನ ಮುಂದೆ ನೆನೆಯಿರಿ. ಅದನ್ನು ಮತ್ತೆ ಕೈಗೆತ್ತಿಕೊಳ್ಳುವ ವರವನ್ನು ಸಂತ ಡೇಮಿಯನ್ನರ ಬಿನ್ನಹದಿಂದ ಪ್ರಭು ನಿಮಗೆ ಕರುಣಿಸಲಿ.