ಮೊಸ್ಕೇನಿ ಬಣ್ಣ ತುಂಬಿದ ಚಾಪೆಲ್

ಮಕ್ಕಳೇ, ರಜೆಗೆ ಊರಿಗೆ ಹೋದವರಿಗೆ ಮರವಂತೆಯ ಕಡಲು, ಕೊಲ್ಲೂರಿನ ದೇವಸ್ಥಾನ, ಅಜ್ಜಿಮನೆಯ ಅಂಗಳ, ಇಷ್ಟರಲ್ಲೇ ದಿನಗಳು ಕಳೆದುಹೋಗುತ್ತವೆ. ಮುಂದಿನ ಸಲ ಒಂದು ದಿನವನ್ನು ಮಂಗಳೂರಿಗೆಂದು ಎತ್ತಿಡಿ. ಕುಂದಾಪುರದಲ್ಲಿ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಬ್ರಹ್ಮಾವರ, ಉಡುಪಿ ದಾಟಿ ಸುಮಾರು 90 ಕಿಲೋಮೀಟರ್. ಬೈಂದೂರಿನವರು ರೈಲಿನಲ್ಲೂ ಬರಬಹುದು. ಅಲ್ಲಿ ಬಾವುಟಗುಡ್ಡೆಯ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಚಾಪೆಲ್ ಎಂದರೆ ಪುಟ್ಟ ಇಗರ್ಜಿ. ಒಳಗೆ ಕಾಲಿಟ್ಟ ಮೇಲೆ ಗೋಡೆ, ಕಮಾನು, ಮಾಡು ಎಲ್ಲಿ ನೋಡಿದರೂ ಚಿತ್ರವೇ. ಬಣ್ಣ ತಾಗದ ಜಾಗ ಹುಡುಕುವುದೇ ಕಷ್ಟ.

ಇಗರ್ಜಿ ನನಗೆ ಹೊಸತಲ್ಲ. ಕುಂದಾಪುರದ ರೋಸರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದು. ಸೆಪ್ಟೆಂಬರ್‌ನಲ್ಲಿ ಮರಿಯ ಮಾತೆಯ ಮೊಂತಿ ಹಬ್ಬ ಬಂತೆಂದರೆ ಪಕ್ಕದ ಮನೆಯ ಬಾಯಮ್ಮನ ಮಕ್ಕಳು ಮಾತೆಗೆ ಹೂ ಒಯ್ಯಬೇಕು. ಅವರಿಗಾಗಿ ನಮ್ಮ ಬೇಲಿಯ ದಾಸವಾಳವನ್ನೂ ಕೊಯ್ದು ಕೊಡುತ್ತಿದ್ದೆವು. ಆದರೂ ಇಷ್ಟೊಂದು ಚಿತ್ರಗಳಿರುವ ಇಗರ್ಜಿಯನ್ನು ನಾನು ಮೊದಲು ಕಂಡದ್ದು ಮಂಗಳೂರಿನಲ್ಲೇ.

ಇದನ್ನೆಲ್ಲ ಬಿಡಿಸಿದವರು ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಮೊ ಹತ್ತಿರದ ಸ್ತೆತ್ಸಾನೊ ಎಂಬ ಹಳ್ಳಿಯಲ್ಲಿ ಹುಟ್ಟಿ, ಬೆರ್ಗಮೊದಲ್ಲೇ ಚಿತ್ರಕಲೆ ಕಲಿತರು. ಆಮೇಲೆ ಕ್ರೈಸ್ತ ಸನ್ಯಾಸಿಗಳ ಸಂಘವಾದ ಯೇಸುಸಭೆ ಸೇರಿ ಬ್ರದರ್ ಆದರು. ಚಾಪೆಲ್ 1880ರ ದಶಕದಲ್ಲೇ ಎದ್ದು ನಿಂತಿತ್ತು, ಗೋಡೆಗಳು ಮಾತ್ರ ಬೋಳಾಗಿದ್ದವು. ಮೊಸ್ಕೇನಿ ಸಮುದ್ರ ದಾಟಿ ಬಂದು 1899ರಿಂದ 1901ರವರೆಗೆ ಅವನ್ನು ತುಂಬಿಸಿದರು.

ಹೇಗೆ ತುಂಬಿಸಿದರು ಎಂಬುದು ನನಗೆ ಬಲು ಇಷ್ಟದ ವಿಷಯ. ಮಾಡಿನ ಚಿತ್ರಗಳು ಕ್ಯಾನ್‌ವಾಸ್ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿವೆ. ಗೋಡೆಯವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ, ಅದು ಒಣಗುವ ಮೊದಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚುವುದು. ಒಣಗುವಾಗ ಸುಣ್ಣ ಗಾಳಿಯನ್ನು ಹೀರಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಣ್ಣವೂ ಅದರೊಳಗೇ ಉಳಿದುಬಿಡುತ್ತದೆ. ಹಾಗಾಗಿ ಅಂದು ಬಿಡಿಸಿ ಮುಗಿಸುವಷ್ಟಕ್ಕೇ ಅಂದಿನ ಗಾರೆ. ಕೈ ತಪ್ಪಿದರೆ ಒರೆಸಿ ತಿದ್ದುವಂತಿಲ್ಲ, ಗಾರೆಯನ್ನೇ ಕೆರೆದು ಮತ್ತೆ ಮೆತ್ತಬೇಕು. ಅಟ್ಟಣಿಗೆ ಹತ್ತಿ, ನಮ್ಮ ಕರಾವಳಿಯ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ, ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ದುಡಿಯುವುದು ಎಂತಹ ತಾಳ್ಮೆ!

ಮಾಡಿನ ನಡುಸಾಲಿನಲ್ಲಿ, ಚಾಪೆಲ್ ಯಾರ ಹೆಸರಿನದೋ ಆ ಸಂತ ಅಲೋಶಿಯಸ್ ಗೊನ್ಸಾಗನ ಕಥೆಯಿದೆ. ಶ್ರೀಮಂತ ಮನೆತನದ ಹುಡುಗ, ಎಲ್ಲ ಬಿಟ್ಟು ಯೇಸುಸಭೆ ಸೇರಿದವನು. ರೋಮ್‌ನಲ್ಲಿ ಪ್ಲೇಗ್ ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತು, ತಾನೂ ಕಾಯಿಲೆ ಬಿದ್ದು, 1591ರಲ್ಲಿ 23ರ ಹರೆಯದಲ್ಲೇ ತೀರಿಕೊಂಡ. ಆ ಆರೈಕೆಯ ಚಿತ್ರವನ್ನು ತಪ್ಪದೆ ಹುಡುಕಿ. ಹೂಮಾಲೆ ಹಿಡಿದ ದೇವದೂತರೂ ಇದ್ದಾರೆ. ಅವರನ್ನು ಕಂಡಾಗ ನನಗೆ ನೆನಪಾದದ್ದು ಮೊಂತಿ ಹಬ್ಬದ ಮಕ್ಕಳು.

ಇದಕ್ಕೆ ತೀರಾ ಬೇರೆ ಬಗೆಯ ಚಾಪೆಲ್ ಒಂದು ಫ್ರಾನ್ಸಿನ ವಾನ್ಸ್ ಊರಿನಲ್ಲಿದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಲೋಕಪ್ರಸಿದ್ಧ ಕಲಾವಿದ ಹೆನ್ರಿ ಮಾತೀಸ್ ತಮ್ಮ ಇಳಿವಯಸ್ಸಿನಲ್ಲಿ ರೂಪಿಸಿದ ಅದು 1951ರಲ್ಲಿ ಪೂರ್ತಿಯಾಯಿತು. ಅದರ ಹೆಸರೂ ಕುಂದಾಪುರದ ಇಗರ್ಜಿಯಂತೆ ರೋಸರಿಯೇ! ಅಲ್ಲಿ ಬಿಳಿ ಹೆಂಚಿನ ಮೇಲೆ ಬರೀ ಕಪ್ಪು ಗೆರೆ. ಹಳದಿ, ಹಸಿರು, ನೀಲಿ ಗಾಜಿನ ಕಿಟಕಿಯಿಂದ ಬೀಳುವ ಬಿಸಿಲೇ ಬಣ್ಣ. ಎತ್ತರದ ಚಿತ್ರಗಳನ್ನು ರೂಪಿಸುವಾಗ ಮಾತೀಸ್ ಉದ್ದದ ಕೋಲಿನ ತುದಿಗೆ ಇದ್ದಿಲು ಕಟ್ಟಿ ಗೆರೆ ಎಳೆಯುತ್ತಿದ್ದರು, ನಮ್ಮಲ್ಲಿ ದೋಟಿ ಹಿಡಿದು ಮಾವಿನಕಾಯಿ ಕೊಯ್ಯುವ ಹಾಗೆ. ಒಬ್ಬರು ಗೋಡೆಯನ್ನು ಬೆಳಕಿಗೆ ಬಿಟ್ಟುಕೊಟ್ಟರು, ಇನ್ನೊಬ್ಬರು ಗೇಣು ಜಾಗವನ್ನೂ ಬಿಡದೆ ಕಥೆ ಹೇಳಿದರು. ಮಾತೀಸ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲೆಯ ದೊಡ್ಡ ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಮೊಸ್ಕೇನಿಯವರೇ ನನಗೆ ಹತ್ತಿರ.

ನಮ್ಮ ಮಳೆಗಾಲದ ತೇವ ಬಣ್ಣಗಳನ್ನು ಸುಮ್ಮನೆ ಬಿಡಲಿಲ್ಲ. 1990ರ ದಶಕದಲ್ಲಿ ಪರಂಪರೆಯ ಕಲೆ, ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಚಿತ್ರಗಳನ್ನು ಶುಚಿಗೊಳಿಸಿ, ಕೆಟ್ಟ ಕಡೆ ಸರಿಪಡಿಸಿದರು. ಈಗ ನಾವು ನೋಡುವ ಹೊಳಪಿನಲ್ಲಿ ಅವರ ಶ್ರಮವೂ ಇದೆ.

ಕಳೆದ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. "ಹೆಣೆ, ಮೇಲೆ ಕಾಣ್" ಎಂದೆ. ಕತ್ತೆತ್ತಿದವಳು ಕುತ್ತಿಗೆ ನೋಯುವವರೆಗೂ ಇಳಿಸಲಿಲ್ಲ. ಹೊರಡುವ ಮೊದಲು ಅವಳನ್ನು ತಿರುಗಿಸಿ ಹಿಂದಿನ ಗೋಡೆ ತೋರಿಸಿದೆ. ಮಕ್ಕಳ ಸ್ನೇಹಿತನಾದ ಯೇಸುವಿನ ದೊಡ್ಡ ಚಿತ್ರ ಅಲ್ಲಿದೆ. ಮುಂದೆ ನೋಡುತ್ತಾ ಬಂದವರು ಅದನ್ನು ಕಾಣದೆಯೇ ಹೋಗಿಬಿಡಬಹುದು, ನೀವು ಮರೆಯಬೇಡಿ.

ಸಂಜೆ ಬಸ್ಸು ಮಾಬುಕಳ ಸೇತುವೆ ಹತ್ತಿದಾಗ ಅವಳು ಕೇಳಿದಳು, "ಅಪ್ಪಯ್ಯ, ಅವ್ರ್ ಮತ್ತೆ ಇಟಲಿಗೆ ಹೋದ್ರಾ?"

ಇಲ್ಲ ಮಗಾ, ಎಂದೆ. ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಗೂ ಚಿತ್ರ ಬಿಡಿಸಲು ಹೋಗಿದ್ದರು. 1905ರ ನವೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು, ಆಗ ಅವರಿಗೆ 51 ವರ್ಷ.

ಸ್ವಲ್ಪ ಹೊತ್ತು ಹೊಳೆ ನೋಡುತ್ತಾ ಕೂತಳು. "ಹಂಗಾರೆ ಮುಂದಿನ್ ರಜೆಗೆ ಕೊಚ್ಚಿಗೆ ಹೋಪ" ಎಂದಳು.