ಇಮ್ಯಾನ್ಯುಯೆಲ್ ಕಾಂಟ್

ಇಮ್ಯಾನ್ಯುಯೆಲ್ ಕಾಂಟ್ (22 ಏಪ್ರಿಲ್ 1724 – 12 ಫೆಬ್ರುವರಿ 1804) ಜರ್ಮನ್ ತತ್ತ್ವಶಾಸ್ತ್ರಜ್ಞ. ಜ್ಞಾನಮೀಮಾಂಸೆ ಮತ್ತು ನೀತಿಶಾಸ್ತ್ರಗಳಿಂದ ಪ್ರಸಿದ್ಧನಾದರೂ, ಅನುಭವಪೂರ್ವವಾದ ಪ್ರಕೃತಿತತ್ತ್ವಗಳಿಗೂ ಪ್ರಯೋಗಗಳಿಂದ ಬೆಳೆಯುವ ಭೌತವಿಜ್ಞಾನಕ್ಕೂ ಇರುವ ಸಂಬಂಧದ ಪ್ರಶ್ನೆ ಈತನನ್ನು ಕೊನೆಯವರೆಗೂ ಕಾಡಿತು.

ಜೀವನ

ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ (ಇಂದಿನ ರಷ್ಯದ ಕಲಿನಿನ್‌ಗ್ರಾಡ್) ಜನನ. ತಂದೆ ಕುದುರೆಗಳ ಚರ್ಮದ ಸಜ್ಜು ತಯಾರಿಸುವ ಕುಶಲಕರ್ಮಿ. 1740ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯ ಸೇರಿದ ಕಾಂಟ್‌ಗೆ ಮಾರ್ಟಿನ್ ಕ್ನುಟ್ಸೆನ್ ಎಂಬ ಅಧ್ಯಾಪಕನಿಂದ ನ್ಯೂಟನ್ನನ ಭೌತವಿಜ್ಞಾನದ ಪರಿಚಯವಾಯಿತು. ಕೆಲವು ವರ್ಷ ಮನೆಪಾಠ ಹೇಳಿ, 1755ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಆರಂಭಿಸಿದ. ಸೌರವ್ಯೂಹವು ಚದುರಿದ ದ್ರವ್ಯದಿಂದ ರೂಪುಗೊಂಡಿತೆಂದು ವಾದಿಸುವ ಈತನ ಗ್ರಂಥ ಅದೇ ವರ್ಷ ಅನಾಮಧೇಯವಾಗಿ ಅಚ್ಚಾಯಿತು. ಪ್ರಕಾಶಕ ದಿವಾಳಿಯಾದುದರಿಂದ ಹೆಚ್ಚು ಜನರ ಕೈಸೇರಲಿಲ್ಲ. 1770ರಲ್ಲಿ ತರ್ಕ ಮತ್ತು ತತ್ತ್ವಮೀಮಾಂಸೆಯ ಪ್ರಾಧ್ಯಾಪಕನಾದ.

ಪ್ರಕೃತಿವಿಜ್ಞಾನದ ಬುನಾದಿ

1781ರ 'ಶುದ್ಧ ಬುದ್ಧಿಯ ವಿಮರ್ಶೆ' ಗ್ರಂಥದ ಪ್ರಕಾರ, ಪ್ರತಿಯೊಂದು ಘಟನೆಗೂ ಕಾರಣವಿರುತ್ತದೆ ಎಂಬಂತಹ ತತ್ತ್ವಗಳು ಅನುಭವದಿಂದ ಹುಟ್ಟಿದವಲ್ಲ. ಅನುಭವವೇ ಅವುಗಳಿಂದ ಸಾಧ್ಯವಾಗುತ್ತದೆ. ಆದರೆ ಇವು ತೀರ ಸಾಮಾನ್ಯವಾದ ತತ್ತ್ವಗಳು. ಯಾವ ಕಾರಣ, ಯಾವ ಬಲ ಎಂಬುದನ್ನು ಅವು ಹೇಳಲಾರವು.

ಈ ಅಂತರವನ್ನು ಕಿರಿದುಗೊಳಿಸಲು 1786ರಲ್ಲಿ 'ಪ್ರಕೃತಿವಿಜ್ಞಾನದ ತತ್ತ್ವಮೀಮಾಂಸಾತ್ಮಕ ಬುನಾದಿಗಳು' ಎಂಬ ಕೃತಿಯನ್ನು ಹೊರತಂದ. ದೇಶದಲ್ಲಿ ಚಲಿಸಬಲ್ಲದ್ದು ದ್ರವ್ಯ ಎಂಬ ಒಂದೇ ಅನುಭವಜನ್ಯ ಕಲ್ಪನೆಯನ್ನು ಅದರಲ್ಲಿ ಆಧಾರವಾಗಿ ಸ್ವೀಕರಿಸಿದ್ದಾನೆ. ಅದಕ್ಕೆ ಬುದ್ಧಿಯ ತತ್ತ್ವಗಳನ್ನು ಅನ್ವಯಿಸಿದಾಗ ದ್ರವ್ಯರಾಶಿಯ ನಿತ್ಯತೆ, ಜಡತ್ವ, ಕ್ರಿಯೆ–ಪ್ರತಿಕ್ರಿಯೆಗಳ ಸಮತ್ವ ಎಂಬ ನಿಯಮಗಳು ದೊರೆಯುತ್ತವೆಂಬುದು ಈತನ ವಾದ. ದ್ರವ್ಯವು ಸ್ಥಳವನ್ನು ತುಂಬುವುದು ಆಕರ್ಷಣ ಹಾಗೂ ವಿಕರ್ಷಣ ಬಲಗಳಿಂದ. ಕೇವಲ ತನ್ನ ಇರವಿನಿಂದಲ್ಲ. ಗಣಿತ ಅನ್ವಯವಾಗದ ಕಾರಣ ಅಂದಿನ ರಸಾಯನಶಾಸ್ತ್ರವನ್ನು ನಿಜವಾದ ವಿಜ್ಞಾನವೆಂದು ಕಾಂಟ್ ಒಪ್ಪಲಿಲ್ಲ. ಮುಂದೆ ಲವಾಸಿಯೆಯ ಹೊಸ ರಸಾಯನಶಾಸ್ತ್ರದಲ್ಲಿ ಆಸಕ್ತಿ ತಳೆದ.

ಆದರೂ ವಸ್ತುಗಳ ಸಾಂದ್ರತೆ ಏಕೆ ಬೇರೆಬೇರೆ, ಅವುಗಳ ಕಣಗಳು ಏಕೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ ಎಂಬ ಪ್ರಶ್ನೆಗಳು ಉಳಿದವು. ಸಾಂದ್ರತೆಯನ್ನು ಆಕರ್ಷಣದಿಂದಲೂ ಆಕರ್ಷಣವನ್ನು ಸಾಂದ್ರತೆಯಿಂದಲೂ ವಿವರಿಸುವ ಚಕ್ರದಲ್ಲಿ ತನ್ನ ಸಿದ್ಧಾಂತ ಸಿಲುಕುತ್ತದೆಂದು 1792ರ ಪತ್ರವೊಂದರಲ್ಲಿ ಕಾಂಟ್ ತಾನೇ ಒಪ್ಪಿಕೊಂಡಿದ್ದಾನೆ. ಇಂತಹ ಪ್ರಾಮಾಣಿಕತೆ ದೊಡ್ಡ ಸಿದ್ಧಾಂತಕಾರರಲ್ಲಿ ವಿರಳ.

ಕೊನೆಯ ಹಸ್ತಪ್ರತಿ

1796ರಲ್ಲಿ ಉಪನ್ಯಾಸಗಳನ್ನು ನಿಲ್ಲಿಸಿದ ಮೇಲೆ, ಆ ಬುನಾದಿಗಳಿಂದ ಭೌತವಿಜ್ಞಾನಕ್ಕೆ ಸಾಗುವ ದಾರಿಯನ್ನು ತೋರಿಸುವ ಹೊಸ ಗ್ರಂಥವನ್ನೇ ಕಾಂಟ್ ಮುಖ್ಯ ಕಾರ್ಯವಾಗಿಸಿಕೊಂಡ. ಈ ದಾರಿ ಸಿದ್ಧವಾಗದೆ ತನ್ನ ದರ್ಶನದಲ್ಲಿ ಒಂದು ಕಂದರ ಉಳಿಯುವುದೆಂದು 1798ರಲ್ಲಿ ಮಿತ್ರರಿಗೆ ಬರೆದ. ಚಲನಬಲಗಳನ್ನು ಮೊದಲೇ ವರ್ಗೀಕರಿಸಿಕೊಳ್ಳದಿದ್ದರೆ ಪ್ರಯೋಗಗಳ ಫಲಿತಾಂಶಗಳು ಬರಿಯ ರಾಶಿಯಾಗುತ್ತವೆ, ವ್ಯವಸ್ಥಿತ ವಿಜ್ಞಾನವಾಗುವುದಿಲ್ಲ ಎಂಬುದು ಇದರ ಹಿಂದಿನ ವಿಚಾರ. ಎಲ್ಲೆಡೆ ಹರಡಿದ ಈಥರ್ ಇರಲೇಬೇಕೆಂದು ಅನುಭವದ ಏಕತೆಯ ಆಧಾರದಿಂದ ಸಾಧಿಸಲೂ ಯತ್ನಿಸಿದ. ಬಹುಶಃ ಆ ಹಸ್ತಪ್ರತಿಯ ಅತ್ಯಂತ ವಿವಾದಾಸ್ಪದ ಭಾಗ ಇದೇ.

ಮುಪ್ಪಿನಿಂದ ನೆನಪು ಕುಂದುತ್ತಿದ್ದರೂ ಒಂದೇ ವಾದವನ್ನು ಮತ್ತೆ ಮತ್ತೆ ತಿದ್ದಿ ಬರೆಯುತ್ತಿದ್ದ. ಗ್ರಂಥ ಮುಗಿಯಲಿಲ್ಲ. ಹನ್ನೆರಡು ಕಟ್ಟುಗಳಲ್ಲಿ ಉಳಿದ ಬರಹದ ಭಾಗಗಳು 1880ರ ದಶಕದಲ್ಲಿ ಅಚ್ಚಾದವು. ಪೂರ್ಣ ಪಠ್ಯ 'ಓಪಸ್ ಪೋಸ್ಟುಮಮ್' ಎಂಬ ಹೆಸರಿನಲ್ಲಿ 1936 ಮತ್ತು 1938ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು.